ಮೂರು, ಮೂರೂವರೆ, ನಾಲ್ಕು: ಸೊಂಟದೊಳಗಿನ ರಕ್ತನಾಳದ ಉಬ್ಬಿಗೆ ಅಳತೆಗೋಲು ಬದಲಾದದ್ದೇಕೆ?

ಸೊಂಟದ ಕುಹರದಲ್ಲಿ ಹಾದುಹೋಗುವ ಇಲಿಯಾಕ್ ಅಪಧಮನಿ ಉಬ್ಬಿಕೊಂಡರೆ, ಅದು ಎಷ್ಟು ಅಗಲವಾದಾಗ ಶಸ್ತ್ರಚಿಕಿತ್ಸೆ ಮಾಡಬೇಕು? ವೈದ್ಯಕೀಯ ಪಠ್ಯಗಳು ಬಹುಕಾಲ ಕೊಡುತ್ತ ಬಂದ ಉತ್ತರ 3 ಸೆಂಟಿಮೀಟರ್. ಯುರೋಪಿಯನ್ ಸೊಸೈಟಿ ಫಾರ್ ವ್ಯಾಸ್ಕುಲರ್ ಸರ್ಜರಿ 2019ರ ಮಾರ್ಗಸೂಚಿಯಲ್ಲಿ ಈ ಗಡಿಯನ್ನು 3.5ಕ್ಕೆ ಏರಿಸಿತು; 2024ರ ಪರಿಷ್ಕರಣೆಯಲ್ಲಿ ಅದು 4ಕ್ಕೆ ಬಂದು ನಿಂತಿದೆ. ಹೀಗಾಗಿ 3.3 ಸೆಂ.ಮೀ. ಉಬ್ಬು ಇರುವ ಒಬ್ಬರೇ ವ್ಯಕ್ತಿಗೆ ಒಂದು ಆಸ್ಪತ್ರೆಯಲ್ಲಿ ‘ತಡಮಾಡದೆ ಮಾಡಿಸಿಕೊಳ್ಳಿ’ ಎಂಬ ಸಲಹೆಯೂ ಇನ್ನೊಂದರಲ್ಲಿ ‘ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ’ ಎಂಬ ಸಲಹೆಯೂ ಸಿಗುತ್ತದೆ. ಇಬ್ಬರಲ್ಲಿ ಒಬ್ಬರಿಗೆ ದುಡ್ಡಿನಾಸೆ, ಇಲ್ಲವೇ ಇನ್ನೊಬ್ಬರಿಗೆ ಗೊತ್ತಿಲ್ಲ ಎಂದು ಮನೆಯವರು ತೀರ್ಮಾನಿಸಿಬಿಡುವುದು ಸಹಜ. ಆದರೆ ಈ ಎರಡೂ ಮಾತುಗಳಿಗೆ ವೈದ್ಯಕೀಯವಾಗಿ ಆಧಾರವಿದೆ. ಅದು ಹೇಗೆಂದು ತಿಳಿಯಲು ಆ ಸಂಖ್ಯೆ ಎಲ್ಲಿಂದ ಬಂತು, ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ನೋಡಬೇಕಾಗುತ್ತದೆ.

ಯಾವ ನಾಳ, ಎಲ್ಲಿ ಕವಲೊಡೆಯುತ್ತದೆ

ಹೃದಯದಿಂದ ಹೊರಟ ಮಹಾಪಧಮನಿ ಹೊಕ್ಕುಳಿನ ಆಸುಪಾಸಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಎಡಕ್ಕೊಂದು, ಬಲಕ್ಕೊಂದು ಇಳಿಯುವ ಈ ಕವಲುಗಳೇ ಕಾಮನ್ ಇಲಿಯಾಕ್ ಅಪಧಮನಿಗಳು. ಸೊಂಟದ ಕುಹರದ ಅಂಚಿಗೆ ಬಂದಾಗ ಪ್ರತಿಯೊಂದೂ ಮತ್ತೆ ಎರಡಾಗುತ್ತದೆ. ಎಕ್ಸ್‌ಟರ್ನಲ್ ಇಲಿಯಾಕ್ ಎಂಬ ಹೊರಗವಲು ನೇರವಾಗಿ ಕಾಲಿಗೆ ರಕ್ತ ಒಯ್ಯುತ್ತದೆ. ಇಂಟರ್ನಲ್ ಇಲಿಯಾಕ್ ಎಂಬ ಒಳಗವಲು ಕುಹರದೊಳಕ್ಕೆ ಇಳಿದು ಪೃಷ್ಠದ ಸ್ನಾಯುಗಳು, ಮೂತ್ರಕೋಶ, ಗುದನಾಳ, ಗರ್ಭಕೋಶ ಮತ್ತು ಜನನಾಂಗಗಳಿಗೆ ರಕ್ತ ಕೊಡುತ್ತದೆ. ಮುಂದೆ ಬರುವ ತಕರಾರುಗಳಲ್ಲಿ ಅರ್ಧದಷ್ಟು ಈ ಒಳಗವಲಿನ ಸುತ್ತಲೇ ಇವೆ.

ನಾಳದ ಗೋಡೆ ದುರ್ಬಲವಾಗಿ, ಅದರ ಅಗಲ ಸಹಜಕ್ಕಿಂತ ಒಂದೂವರೆ ಪಟ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಅದನ್ನು ಅನ್ಯೂರಿಸಂ ಎನ್ನುತ್ತಾರೆ. ಕಾಮನ್ ಇಲಿಯಾಕ್ ಅಪಧಮನಿ ಸಾಮಾನ್ಯವಾಗಿ ಕಿರುಬೆರಳಿನಷ್ಟೇ ದಪ್ಪವಿರುವುದರಿಂದ ಗಂಡಸರಲ್ಲಿ ಸುಮಾರು 1.8 ಸೆಂ.ಮೀ., ಹೆಂಗಸರಲ್ಲಿ ಸುಮಾರು 1.5 ಸೆಂ.ಮೀ. ದಾಟಿದರೆ ವರದಿಯಲ್ಲಿ ಆ ಪದ ಕಾಣಿಸಿಕೊಳ್ಳುತ್ತದೆ. ಅಂದರೆ ‘ಅನ್ಯೂರಿಸಂ ಇದೆ’ ಎಂಬ ಮಾತಿಗೂ ‘ಚಿಕಿತ್ಸೆ ಬೇಕು’ ಎಂಬ ಮಾತಿಗೂ ನಡುವೆ ದೊಡ್ಡ ಅಂತರವಿದೆ. ವರದಿ ಓದಿ ಗಾಬರಿಯಾಗುವವರು ಬಹುಪಾಲು ಈ ಅಂತರದಲ್ಲೇ ಇರುತ್ತಾರೆ.

ವಯಸ್ಸು, ಧೂಮಪಾನ, ಅಧಿಕ ರಕ್ತದೊತ್ತಡ ಮತ್ತು ಕುಟುಂಬದ ಹಿನ್ನೆಲೆ ಇದರ ಮುಖ್ಯ ಕಾರಣಗಳು; ಸೋಂಕು, ಪೆಟ್ಟು, ಮಾರ್ಫಾನ್ ಮಾದರಿಯ ಆನುವಂಶಿಕ ತೊಂದರೆಗಳು ವಿರಳ. ಮಹಾಪಧಮನಿಯ ಉಬ್ಬು ಇರುವವರಲ್ಲಿ ನೂರಕ್ಕೆ ಹತ್ತಿಪ್ಪತ್ತು ಮಂದಿಗಾದರೂ ಇಲಿಯಾಕ್ ಉಬ್ಬೂ ಜೊತೆಗಿರುತ್ತದೆ. ಮಹಾಪಧಮನಿ ಸರಿಯಿದ್ದು ಇಲಿಯಾಕ್ ಮಾತ್ರ ಉಬ್ಬುವುದು ಅಪರೂಪ: ಹೊಟ್ಟೆಯೊಳಗಿನ ಎಲ್ಲ ಅನ್ಯೂರಿಸಂಗಳಲ್ಲಿ ಇಂಥವು ನೂರಕ್ಕೆ ಎರಡಕ್ಕಿಂತ ಕಡಿಮೆ. ರೋಗ ಇಷ್ಟು ಅಪರೂಪವಾದ್ದರಿಂದಲೇ ಅದರ ಬಗ್ಗೆ ದೊಡ್ಡ ಪ್ರಯೋಗಗಳು ನಡೆದಿಲ್ಲ. ಪ್ರಯೋಗಗಳು ನಡೆದಿಲ್ಲವಾದ್ದರಿಂದಲೇ ಸಂಖ್ಯೆ ಪದೇ ಪದೇ ಬದಲಾಗುತ್ತಿದೆ.

ಸಿಕ್ಕಿಬೀಳುವುದು ಬೇರೆ ಯಾವುದೋ ನೆಪದಲ್ಲಿ

ಮಹಾಪಧಮನಿಯ ಉಬ್ಬು ತೆಳ್ಳಗಿನ ಮನುಷ್ಯರಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟರೆ ಮಿಡಿಯುವುದುಂಟು. ಇಲಿಯಾಕ್ ಉಬ್ಬು ಕುಹರದ ಆಳದಲ್ಲಿ, ಕರುಳಿನ ಹಿಂದೆ, ಮೂಳೆಯ ಮರೆಯಲ್ಲಿ ಕೂತಿರುತ್ತದೆ. ತೀರ ದೊಡ್ಡದಾದ ಒಳಗವಲಿನ ಉಬ್ಬು ಕೆಲವೊಮ್ಮೆ ಗುದದ್ವಾರದ ಮೂಲಕ ಬೆರಳಿಟ್ಟು ಪರೀಕ್ಷಿಸುವಾಗ ಮಿಡಿಯುವ ಗಡ್ಡೆಯಂತೆ ಸಿಗುತ್ತದೆಯೇ ಹೊರತು ಉಳಿದಂತೆ ಕೈಗೆ ಸಿಗುವುದಿಲ್ಲ. ನೋವೂ ಇರುವುದಿಲ್ಲ.

ಲಕ್ಷಣ ಕಾಣಿಸಿಕೊಂಡರೆ ಅದು ಇನ್ನೊಂದು ಅಂಗದ ದೂರಿನ ರೂಪದಲ್ಲಿರುತ್ತದೆ. ಮೂತ್ರನಾಳವು ಇಲಿಯಾಕ್ ಅಪಧಮನಿ ಕವಲೊಡೆಯುವ ಜಾಗದಲ್ಲೇ ಅದನ್ನು ದಾಟಿ ಕೆಳಗಿಳಿಯುವುದರಿಂದ, ಉಬ್ಬು ಅದನ್ನು ಒತ್ತಿದಾಗ ಮೂತ್ರ ಹಿಂದಕ್ಕೆ ನಿಂತು ಕಿಡ್ನಿ ಊದಿಕೊಳ್ಳುತ್ತದೆ. ರೋಗಿ ಕಿಡ್ನಿಯ ಕಲ್ಲು ಎಂದುಕೊಂಡು ಬರುತ್ತಾರೆ. ಹಿಂಬದಿಯ ನರಗಳು ಒತ್ತಲ್ಪಟ್ಟಾಗ ಅದು ಸಯಾಟಿಕಾದಂತೆ ತೊಡೆಯ ಹಿಂದೆ ಜಗ್ಗುತ್ತದೆ. ಪಕ್ಕದ ಸಿರೆ ಒತ್ತಲ್ಪಟ್ಟಾಗ ಒಂದೇ ಕಾಲು ಬಾತುಕೊಳ್ಳುತ್ತದೆ. ಬೆನ್ನುನೋವಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೆ, ಕೊನೆಗೊಮ್ಮೆ ಮಾಡಿಸಿದ ಎಂ.ಆರ್.ಐ.ಯ ಮೂಲೆಯೊಂದರಲ್ಲಿ ಇದು ಕಣ್ಣಿಗೆ ಬೀಳುತ್ತದೆ.

ತಪಾಸಣಾ ಕಾರ್ಯಕ್ರಮಗಳೂ ಇದಕ್ಕೆ ಹೇಳಿ ಮಾಡಿಸಿದವಲ್ಲ. ಇಂಗ್ಲೆಂಡಿನಲ್ಲಿ 65 ತುಂಬಿದ ಗಂಡಸರನ್ನು ಅಲ್ಟ್ರಾಸೌಂಡಿಗೆ ಕರೆಯುತ್ತಾರೆ. ಅಮೆರಿಕದಲ್ಲಿ ಜೀವನದಲ್ಲಿ ಎಂದಾದರೂ ಧೂಮಪಾನ ಮಾಡಿದ 65ರಿಂದ 75ರ ಗಂಡಸರಿಗೆ ಒಮ್ಮೆ ಸ್ಕ್ಯಾನ್ ಮಾಡುವ ಶಿಫಾರಸಿದೆ. ಆದರೆ ಅಲ್ಲಿ ಅಳೆಯುವುದು ಮಹಾಪಧಮನಿಯನ್ನು. ಕುಹರದೊಳಗೆ ಕರುಳಿನ ಗಾಳಿ ಅಡ್ಡ ಬಂದರೆ ಅಲ್ಟ್ರಾಸೌಂಡಿಗೆ ಒಳಗವಲು ಕಾಣುವುದೇ ಇಲ್ಲ. ಭಾರತದಲ್ಲಂತೂ ಇಂಥ ರಾಷ್ಟ್ರೀಯ ತಪಾಸಣೆಯಿಲ್ಲ. ಹಾಗಾಗಿ ನಮ್ಮಲ್ಲಿ ಇಲಿಯಾಕ್ ಉಬ್ಬು ಸಿಕ್ಕಿಬೀಳುವುದು ಪ್ರಾಸ್ಟೇಟ್, ಕಿಡ್ನಿ ಕಲ್ಲು ಅಥವಾ ಸೊಂಟನೋವಿಗೆಂದು ಮಾಡಿಸಿದ ಸ್ಕ್ಯಾನಿನಲ್ಲಿ, ಆಕಸ್ಮಿಕವಾಗಿ.

ಓರೆಯಾಗಿ ಕೊಯ್ದ ಸೌತೆಕಾಯಿ

ನಿರ್ಣಯಕ್ಕೆ ನಂಬಬೇಕಾದದ್ದು ಸಿ.ಟಿ. ಆಂಜಿಯೋಗ್ರಾಂ. ಕೈಯ ಸಿರೆಗೆ ಅಯೋಡಿನ್‌ಯುಕ್ತ ಔಷಧ ಚುಚ್ಚಿ, ಅದು ಅಪಧಮನಿಗಳಲ್ಲಿ ಹರಿಯುವ ಕ್ಷಣದಲ್ಲಿ ತೆಗೆಯುವ ಈ ಚಿತ್ರಗಳಲ್ಲಿ ನಾಳದ ಒಳಹರಿವು, ಗೋಡೆಗೆ ಅಂಟಿದ ಹೆಪ್ಪು, ಕವಲುಗಳ ಸ್ಥಿತಿ ಎಲ್ಲವೂ ತಿಳಿಯುತ್ತವೆ. ಕಿಡ್ನಿ ದುರ್ಬಲವಾಗಿರುವವರಲ್ಲಿ ಆ ಔಷಧವೇ ತೊಂದರೆ ಕೊಡಬಹುದಾದ್ದರಿಂದ ಅದಕ್ಕೂ ಮುನ್ನ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡುತ್ತಾರೆ.

ಇಷ್ಟಾದರೂ ಅಳತೆಯಲ್ಲಿ ತಕರಾರು ಬರುವುದು ತಪ್ಪುವುದಿಲ್ಲ. ವಯಸ್ಸಾದವರಲ್ಲಿ ಇಲಿಯಾಕ್ ಅಪಧಮನಿ ನೇರವಾಗಿರುವುದಿಲ್ಲ, ಹಾವಿನಂತೆ ಸುತ್ತಿಕೊಂಡಿರುತ್ತದೆ. ಸಿ.ಟಿ. ಯಂತ್ರವೋ ದೇಹವನ್ನು ಅಡ್ಡಡ್ಡಲಾಗಿ ಬಿಲ್ಲೆ ಬಿಲ್ಲೆಯಾಗಿ ತೋರಿಸುತ್ತದೆ. ಸೌತೆಕಾಯಿಯನ್ನು ನೇರವಾಗಿ ಕೊಯ್ದರೆ ದುಂಡನೆಯ ಬಿಲ್ಲೆ, ಓರೆಯಾಗಿ ಕೊಯ್ದರೆ ಉದ್ದನೆಯ ಬಿಲ್ಲೆ ಬರುತ್ತದಲ್ಲ, ಇಲ್ಲಿ ಆಗುವುದೂ ಅದೇ. ಓರೆ ಬಿಲ್ಲೆಯ ಉದ್ದವನ್ನೇ ಅಗಲವೆಂದು ಬರೆದುಬಿಟ್ಟರೆ 3 ಸೆಂ.ಮೀ. ಉಬ್ಬು 3.6 ಆಗಿಬಿಡಬಹುದು. ಇದನ್ನು ತಪ್ಪಿಸಲು ಕಂಪ್ಯೂಟರಿನಲ್ಲಿ ನಾಳದ ನಡುಗೆರೆಯನ್ನು ಎಳೆದು, ಅದಕ್ಕೆ ಲಂಬವಾಗಿ ಅಳೆಯಬೇಕು. ಇನ್ನೊಂದು ಬಗೆಯ ತಪ್ಪು ಇದಕ್ಕೆ ತಿರುಗುಮುರುಗಾದದ್ದು: ಹೆಪ್ಪನ್ನು ಬಿಟ್ಟು ರಕ್ತ ಹರಿಯುವ ಒಳದಾರಿಯನ್ನಷ್ಟೇ ಅಳೆದರೆ ಉಬ್ಬು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಅಳೆಯಬೇಕಾದದ್ದು ಹೊರಗೋಡೆಯಿಂದ ಹೊರಗೋಡೆಗೆ.

ಆದ್ದರಿಂದ ಕಳೆದ ವರ್ಷ ಒಂದು ಕಡೆ ಅಲ್ಟ್ರಾಸೌಂಡಿನಲ್ಲಿ 2.9, ಈ ವರ್ಷ ಇನ್ನೊಂದು ಕಡೆ ಸಿ.ಟಿ.ಯಲ್ಲಿ 3.3 ಎಂದು ಬಂದರೆ ನಾಲ್ಕು ಮಿ.ಮೀ. ಬೆಳೆದಿದೆ ಎಂದು ಹೇಳಲು ಬರುವುದಿಲ್ಲ. ಎರಡು ಚಿತ್ರಗಳನ್ನೂ ಒಬ್ಬರೇ ತಜ್ಞರು ಒಂದೇ ಪರದೆಯ ಮೇಲೆ ಒಂದೇ ವಿಧಾನದಲ್ಲಿ ಅಳೆದರೆ ಮಾತ್ರ ಆ ಮಾತಿಗೆ ಬೆಲೆ. ವರದಿಯ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿ, ಜೊತೆಗೆ ಕೊಟ್ಟ ಸಿ.ಡಿ.ಯನ್ನು ಎಲ್ಲೋ ಬಿಸಾಕುವ ನಮ್ಮ ಅಭ್ಯಾಸ ಇಲ್ಲಿ ದುಬಾರಿಯಾಗುತ್ತದೆ. ಹಾಳೆಯಲ್ಲಿರುವುದು ಒಬ್ಬರ ಅಳತೆ. ಮತ್ತೆ ಅಳೆಯಬಹುದಾದ ಚಿತ್ರ ಇರುವುದು ಸಿ.ಡಿ.ಯಲ್ಲಿ.

ಗಡಿ ಏರಿದ್ದಕ್ಕೆ ಆಧಾರ ಏನು

ನಾಳ ಅಗಲವಾದಷ್ಟೂ ಅದೇ ರಕ್ತದೊತ್ತಡಕ್ಕೆ ಗೋಡೆಯ ಮೇಲಿನ ಬಿಗಿತ ಹೆಚ್ಚುತ್ತದೆ; ಹೆಚ್ಚಿದ ಬಿಗಿತ ಮತ್ತಷ್ಟು ಅಗಲ ಮಾಡುತ್ತದೆ. ಆದ್ದರಿಂದ ಅಗಲವನ್ನೇ ಅಪಾಯದ ಸೂಚಕವಾಗಿ ಹಿಡಿಯುವುದು ಸರಿಯೇ. ಪ್ರಶ್ನೆ ಇರುವುದು ಎಲ್ಲಿ ಗೆರೆ ಎಳೆಯಬೇಕು ಎಂಬಲ್ಲಿ.

ಹಳೆಯ 3 ಸೆಂ.ಮೀ. ಗಡಿ ಬಂದದ್ದು ಸಣ್ಣ ಸಣ್ಣ ಪ್ರಕರಣ ಸರಣಿಗಳಿಂದ. ಆ ಕಾಲದಲ್ಲಿ ಇಲಿಯಾಕ್ ಉಬ್ಬು ಪತ್ತೆಯಾಗುತ್ತಿದ್ದುದೇ ಒಡೆದ ಮೇಲೆ. ಒಡೆದವರಲ್ಲಿ ಸಾವು ಬಹಳ. ಹಾಗಾಗಿ ವೈದ್ಯರು ಬೇಗ ಕೈಹಾಕುವುದೇ ಮೇಲೆಂದು ಬಗೆದರು. ಸಿ.ಟಿ. ಬಳಕೆ ಹೆಚ್ಚಿದ ಮೇಲೆ ಒಡೆಯದ ಉಬ್ಬುಗಳೂ ನೂರಾರು ಸಂಖ್ಯೆಯಲ್ಲಿ ಕಾಣತೊಡಗಿದವು. ಅಮೆರಿಕದ ಮೇಯೊ ಕ್ಲಿನಿಕ್ 2008ರಲ್ಲಿ ಪ್ರಕಟಿಸಿದ 438 ರೋಗಿಗಳ ಅಧ್ಯಯನದಲ್ಲಿ ಕಾಮನ್ ಇಲಿಯಾಕ್ ಉಬ್ಬು ವರ್ಷಕ್ಕೆ ಸರಾಸರಿ ಮೂರು ಮಿ.ಮೀ.ನಷ್ಟು ಬೆಳೆಯುವುದು, ಅಧಿಕ ರಕ್ತದೊತ್ತಡ ಇದ್ದವರಲ್ಲಿ ಅದಕ್ಕಿಂತ ವೇಗವಾಗಿ ಬೆಳೆಯುವುದು, ಮತ್ತು 3.8 ಸೆಂ.ಮೀ.ಗಿಂತ ಚಿಕ್ಕದಾದ ಒಂದೂ ಒಡೆಯದೆ ಇದ್ದುದು ಕಂಡುಬಂತು. ಮುಂದೆ 2017ರಲ್ಲಿ ಹಲವು ದೇಶಗಳ ಕೇಂದ್ರಗಳು ಒಳಗವಲಿನ ಉಬ್ಬು ಒಡೆದ 63 ರೋಗಿಗಳ ವಿವರ ಕಲೆಹಾಕಿದಾಗ, ಒಡೆಯುವ ವೇಳೆಗೆ ಅದರ ಸರಾಸರಿ ಅಗಲ 6.8 ಸೆಂ.ಮೀ. ಮುಟ್ಟಿತ್ತು, ನಾಲ್ಕಕ್ಕಿಂತ ಕೆಳಗೆ ಒಡೆದವು ಬೆರಳೆಣಿಕೆಯಷ್ಟು. ಗಡಿ ಮೇಲೆ ಸರಿದದ್ದು ಇಂಥ ಲೆಕ್ಕಗಳ ಬಲದಿಂದ.

ಈ ವಾದದಲ್ಲಿ ಒಂದು ಬಿರುಕೂ ಇದೆ. ದಶಕಗಳ ಕಾಲ 3 ಸೆಂ.ಮೀ. ದಾಟಿದ ಉಬ್ಬುಗಳಿಗೆ ಶಸ್ತ್ರಚಿಕಿತ್ಸೆ ಆಗುತ್ತಲೇ ಬಂದಿದೆ. ಅವು ಮೂರೂವರೆಯಲ್ಲಿ ಒಡೆಯುತ್ತಿದ್ದವೋ ಇಲ್ಲವೋ ಎಂದು ತೋರಿಸಿಕೊಡುವ ಅವಕಾಶವೇ ಅವಕ್ಕೆ ಸಿಗಲಿಲ್ಲ. ಒಡೆದವರ ಪಟ್ಟಿಯಲ್ಲಿ ದೊಡ್ಡ ಉಬ್ಬುಗಳೇ ತುಂಬಿರುವುದಕ್ಕೆ, ಅವು ಯಾರ ಕಣ್ಣಿಗೂ ಬೀಳದೆ ಬೆಳೆದವು ಎಂಬುದೂ ಒಂದು ಕಾರಣವಾಗಿರಬಹುದು. ಮನೆಯಲ್ಲೇ ಕುಸಿದು ಸತ್ತವರು, ಹೃದಯಾಘಾತವೆಂದು ಮಣ್ಣಾದವರು ಯಾವ ಪಟ್ಟಿಯಲ್ಲೂ ಇಲ್ಲ. ಮಾರ್ಗಸೂಚಿ ಬರೆದವರಿಗೂ ಇದರ ಅರಿವಿರುವುದರಿಂದಲೇ ಅವರ ಭಾಷೆ ಮೆತ್ತಗಿದೆ: ಈ ಅಳತೆಯಲ್ಲಿ ಚಿಕಿತ್ಸೆಯನ್ನು ‘ಪರಿಗಣಿಸಬಹುದು’ ಎಂದಿದೆಯೇ ವಿನಾ ‘ಮಾಡಲೇಬೇಕು’ ಎಂದಿಲ್ಲ. ಪತ್ರಿಕೆಗೆ ಬರುವ ಹೊತ್ತಿಗೆ ಆ ಮೆತ್ತನೆಯ ಕ್ರಿಯಾಪದ ಕಳೆದುಹೋಗಿ ಸಂಖ್ಯೆಯೊಂದೇ ಉಳಿದಿರುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳಬಹುದು. ಪಕ್ಕದ ಮನೆಯವರಿಗೆ 2.6 ಸೆಂ.ಮೀ.ಗೇ ಇಲಿಯಾಕ್ ಚಿಕಿತ್ಸೆ ಆಯಿತು, ನಮಗೆ 3.4 ಇದ್ದರೂ ಇಲ್ಲ ಎಂಬ ದೂರಿಗೆ ಸಾಮಾನ್ಯವಾಗಿ ಇರುವ ವಿವರಣೆ ಇದು: ಅವರಿಗೆ ಚಿಕಿತ್ಸೆ ಆದದ್ದು ಮಹಾಪಧಮನಿಯ ಉಬ್ಬಿಗೆ. ಅಲ್ಲಿ ಕೂರಿಸುವ ಕೃತಕ ನಾಳದ ಕೆಳತುದಿ ಆರೋಗ್ಯವಂತ ಗೋಡೆಗೆ ಬಿಗಿಯಾಗಿ ಅಂಟಬೇಕು. ಇಲಿಯಾಕ್ ಅಗಲವಾಗಿದ್ದರೆ ಅಂಟುವುದಿಲ್ಲ. ಆದ್ದರಿಂದ ಅದನ್ನೂ ಜೊತೆಗೇ ಸರಿಪಡಿಸಿದ್ದಾರೆ. ಈ ನಾಲ್ಕರ ಗಡಿ ಇಲಿಯಾಕ್ ಉಬ್ಬಿಗಾಗಿಯೇ ಚಿಕಿತ್ಸೆ ಆರಂಭಿಸುವ ಸಂದರ್ಭಕ್ಕೆ.

ಎರಡು ದಾರಿಗಳು

ಹಳೆಯ ದಾರಿ ಹೊಟ್ಟೆ ತೆರೆದು, ಉಬ್ಬಿದ ಭಾಗಕ್ಕೆ ಬದಲಾಗಿ ಡೇಕ್ರಾನ್ ಅಥವಾ ಪಿ.ಟಿ.ಎಫ್.ಇ. ಎಂಬ ಕೃತಕ ವಸ್ತುವಿನ ನಾಳವನ್ನು ಹೊಲಿಯುವುದು. ಒಂದೆರಡು ವಾರದ ಆಸ್ಪತ್ರೆವಾಸ, ಚೇತರಿಕೆಗೆ ತಿಂಗಳುಗಳು. ಆದರೆ ಕೂಡಿಕೊಂಡ ಮೇಲೆ ಬಹುಕಾಲ ಬಾಳುತ್ತದೆ. ಹೊಸ ದಾರಿ ಎಂಡೋವ್ಯಾಸ್ಕುಲರ್: ತೊಡೆಸಂದಿನ ಅಪಧಮನಿಯ ಮೂಲಕ ಮಡಚಿದ ಸ್ಟೆಂಟ್ ಗ್ರಾಫ್ಟನ್ನು (ಲೋಹದ ಜಾಲರಿಗೆ ಬಟ್ಟೆ ಹೊದಿಸಿದ ಕೊಳವೆಯನ್ನು) ತೂರಿಸಿ, ಉಬ್ಬಿನೊಳಗೇ ಹೊಸ ಕೊಳವೆ ಬಿಡಿಸುವುದು. ಅರ್ಜೆಂಟೀನಾದ ಹ್ವಾನ್ ಪರೋಡಿ 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮಹಾಪಧಮನಿಯ ಉಬ್ಬಿಗೆ ಇದನ್ನು ಮಾಡಿ ತೋರಿಸಿದ ಮೇಲೆ ಕ್ಷೇತ್ರವೇ ತಿರುಗಿತು. ರೋಗಿ ಎರಡು ಮೂರು ದಿನದಲ್ಲಿ ಮನೆಗೆ ನಡೆಯುತ್ತಾರೆ.

ಯೋಜಿತ ಚಿಕಿತ್ಸೆಯಲ್ಲಿ ಸಾವಿನ ಪ್ರಮಾಣ ಅನುಭವಸ್ಥ ಕೇಂದ್ರಗಳಲ್ಲಿ ಎರಡೂ ದಾರಿಗಳಲ್ಲಿ ಕಡಿಮೆಯೇ. ಮೇಯೊ ಅಧ್ಯಯನದಲ್ಲಿ ಅದು ನೂರಕ್ಕೆ ಒಂದರ ಆಸುಪಾಸಿನಲ್ಲಿತ್ತು. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಅದೇ ಅಧ್ಯಯನದಲ್ಲಿ ನೂರಕ್ಕೆ 27. ಉಬ್ಬನ್ನು ಒಡೆಯುವ ಮೊದಲೇ ಹಿಡಿಯಬೇಕು ಎನ್ನುವವರ ಮುಖ್ಯ ಆಧಾರ ಈ ಅಂತರವೇ. ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡವರು ಈ 27ರಲ್ಲಿ ಸೇರಿಲ್ಲ.

ದೀರ್ಘಕಾಲದ ಮಾತು ಬೇರೆ. ಬ್ರಿಟನ್ನಿನ ಇವಾರ್-1 ಪ್ರಯೋಗದಲ್ಲಿ ಮಹಾಪಧಮನಿಯ ಉಬ್ಬಿಗೆ ಎಂಡೋವ್ಯಾಸ್ಕುಲರ್ ಚಿಕಿತ್ಸೆ ಪಡೆದವರು ಆರಂಭದ ತಿಂಗಳುಗಳಲ್ಲಿ ಮುಂದಿದ್ದರು. 15 ವರ್ಷಗಳ ಫಲಿತಾಂಶ 2016ರಲ್ಲಿ ಬಂದಾಗ, ಎಂಟು ವರ್ಷ ದಾಟಿದ ಮೇಲೆ ಉಬ್ಬಿಗೆ ಸಂಬಂಧಿಸಿದ ಸಾವುಗಳು ಅವರಲ್ಲೇ ಹೆಚ್ಚಿದ್ದವು. ಕಾರಣ, ಗ್ರಾಫ್ಟಿನ ಅಂಚಿನಿಂದಲೋ ಹಿಂಬದಿಯ ಸಣ್ಣ ಕವಲಿನಿಂದಲೋ ರಕ್ತ ಸೋರಿ ಹಳೆಯ ಚೀಲ ಮತ್ತೆ ಬೆಳೆದು ಒಡೆದದ್ದು. ಆ ಪ್ರಯೋಗ ಇಲಿಯಾಕ್ ಕುರಿತದ್ದಲ್ಲ, ಅದರಲ್ಲಿ ಬಳಸಿದ ಸಾಧನಗಳೂ ಹಳೆಯವು. ಆದರೂ ಸೋರಿಕೆಯ ತರ್ಕ ಇಲ್ಲಿಗೂ ಅನ್ವಯಿಸುತ್ತದೆ. 58ರ ಗಟ್ಟಿಮುಟ್ಟಾದವರಿಗೆ ತೆರೆದ ಶಸ್ತ್ರಚಿಕಿತ್ಸೆಯನ್ನೂ 78ರ ಹೃದ್ರೋಗಿಗೆ ಸ್ಟೆಂಟನ್ನೂ ಅದೇ ವೈದ್ಯರು ಹೇಳಿದರೆ ಅದರಲ್ಲಿ ವಿರೋಧಾಭಾಸವೇನಿಲ್ಲ.

ಒಳಗವಲನ್ನು ಮುಚ್ಚಿದರೆ ತೆರಬೇಕಾದ ಬೆಲೆ

ಕಾಮನ್ ಇಲಿಯಾಕ್ ಕೊನೆಯವರೆಗೂ ಉಬ್ಬಿದ್ದರೆ ಸ್ಟೆಂಟ್ ಗ್ರಾಫ್ಟ್ ಅಂಟಿಕೊಳ್ಳಲು ಹೊರಗವಲಿನವರೆಗೆ ಇಳಿಯಲೇಬೇಕು. ಹಾಗೆ ಇಳಿದಾಗ ಅದು ಒಳಗವಲಿನ ಬಾಯಿಯನ್ನು ಮುಚ್ಚುತ್ತದೆ. ಬಾಯಿಯನ್ನು ಮುಚ್ಚಿದರಷ್ಟೇ ಸಾಲದು: ಎಡಬಲದ ಒಳಗವಲುಗಳ ನಡುವೆ ಕುಹರದಲ್ಲಿ ಕೊಂಡಿಗಳಿರುವುದರಿಂದ ಆಚೆ ಬದಿಯ ರಕ್ತ ಹಿಮ್ಮುಖವಾಗಿ ಬಂದು ಚೀಲವನ್ನು ತುಂಬುತ್ತದೆ. ಹಿಂದೆ ಶಸ್ತ್ರಚಿಕಿತ್ಸಕರು ಒಳಗವಲಿನ ಉಬ್ಬಿಗೆ ಮೇಲ್ತುದಿಯಲ್ಲಷ್ಟೇ ದಾರ ಕಟ್ಟಿ ಬಿಟ್ಟಾಗ ಅದು ಬೆಳೆಯುತ್ತಲೇ ಹೋದದ್ದು ಇದೇ ಕಾರಣಕ್ಕೆ. ಆದ್ದರಿಂದ ಪ್ಲಾಟಿನಮ್ ತಂತಿಯ ಸುರುಳಿಗಳನ್ನೋ ಪ್ಲಗ್ಗನ್ನೋ ಒಳಗಿಟ್ಟು ಹಿಮ್ಮುಖ ದಾರಿಯನ್ನೂ ಮುಚ್ಚುತ್ತಾರೆ.

ಉಬ್ಬು ಅಡಗುತ್ತದೆ, ಆದರೆ ಆ ಬದಿಯ ಪೃಷ್ಠಕ್ಕೆ ರಕ್ತ ಕಡಿಮೆಯಾಗುತ್ತದೆ. ಹೀಗೆ ಮುಚ್ಚಿದವರಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ನಡೆದರೆ ಪೃಷ್ಠ ಹಿಡಿದುಕೊಳ್ಳುವ ನೋವು ಬರುತ್ತದೆ. ಬಸ್‌ಸ್ಟ್ಯಾಂಡಿನಿಂದ ಮನೆಗೆ ಹೊರಟವರು ಇನ್ನೂರು ಹೆಜ್ಜೆಗೆ ನಿಲ್ಲಬೇಕು, ಯಾರದೋ ಜಗಲಿಯ ಮೇಲೆ ಎರಡು ನಿಮಿಷ ಕೂತರೆ ಸರಿಹೋಗುತ್ತದೆ, ಮತ್ತೆ ಇನ್ನೂರು ಹೆಜ್ಜೆಗೆ ಅದೇ. ಗಂಡಸರಲ್ಲಿ ಹತ್ತರಲ್ಲಿ ಒಬ್ಬರಿಗಾದರೂ ಲೈಂಗಿಕ ನಿಮಿರುವಿಕೆ ಕುಂದುತ್ತದೆ. ಎರಡೂ ಬದಿ ಮುಚ್ಚಿದರೆ ಈ ಸಾಧ್ಯತೆಗಳು ಏರುತ್ತವೆ; ಕರುಳಿಗೆ ಅಥವಾ ಬೆನ್ನುಹುರಿಗೆ ರಕ್ತ ತಪ್ಪುವ ಗಂಭೀರ ಅಪಾಯ ವಿರಳವಾದರೂ ಇದ್ದೇ ಇದೆ. ಹಲವರಲ್ಲಿ ಪಕ್ಕದ ನಾಳಗಳು ಹಿಗ್ಗಿ ತಿಂಗಳುಗಳಲ್ಲಿ ನೋವು ಇಳಿಯುತ್ತದೆ, ಎಲ್ಲರಲ್ಲೂ ಅಲ್ಲ.

ಚಿಕಿತ್ಸೆಯ ಫಲಿತಾಂಶವೆಂದರೆ ಸತ್ತವರ ಲೆಕ್ಕ, ಸೋರಿದವರ ಲೆಕ್ಕ ಎಂದು ಬಹಳ ಕಾಲ ನಡೆದದ್ದರಿಂದ ಈ ನೋವು ‘ಸಣ್ಣ ತೊಡಕು’ಗಳ ಸಾಲಿನಲ್ಲಿ ಸೇರಿಹೋಗಿತ್ತು. ಹೊಲಕ್ಕೆ ನಡೆದೇ ಹೋಗಬೇಕಾದವರಿಗೆ ಅದು ಸಣ್ಣದಲ್ಲ. ನಿಮಿರುವಿಕೆಯ ವಿಷಯವನ್ನಂತೂ ನಮ್ಮಲ್ಲಿ ರೋಗಿ ಕೇಳುವುದಿಲ್ಲ, ವೈದ್ಯರು ಹೇಳುವುದಿಲ್ಲ; ಒಪ್ಪಿಗೆಪತ್ರದ ಸಣ್ಣ ಅಕ್ಷರಗಳಲ್ಲಿ ಮುಗಿದುಹೋಗುತ್ತದೆ.

ಇದನ್ನು ತಪ್ಪಿಸಲೆಂದೇ ಬಂದದ್ದು ಕವಲುಳ್ಳ ಸ್ಟೆಂಟ್ ಗ್ರಾಫ್ಟ್. ಪಂಚೆಯ ಬದಲು ಪ್ಯಾಂಟು ಹೊಲಿದಂತೆ, ಹೊರಗವಲಿಗೊಂದು ಕಾಲು, ಒಳಗವಲಿಗೊಂದು ಕಾಲು. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮೊದಲ ಸಾಧನಕ್ಕೆ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಯುರೋಪಿನಲ್ಲಿ ಅದಕ್ಕೂ ಮೊದಲೇ ಬಳಕೆಯಿತ್ತು. ಸೂಕ್ತ ರೋಗಿಗಳಲ್ಲಿ ಕೆಲವು ವರ್ಷಗಳ ನಂತರವೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಒಳಗವಲುಗಳು ತೆರೆದೇ ಇರುತ್ತವೆ, ಪೃಷ್ಠದ ನೋವು ಬಹಳ ಕಡಿಮೆ. ಆದರೆ ಎಲ್ಲರ ನಾಳದ ಉದ್ದಗಲ ಇದಕ್ಕೆ ಹೊಂದುವುದಿಲ್ಲ, ಒಳಗವಲೇ ಉಬ್ಬಿದ್ದರೆ ಕೂರಿಸುವುದು ಇನ್ನೂ ಕಷ್ಟ, ಮತ್ತು ಸಾಧನ ದುಬಾರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕಿರುವ ವಾರ್ಷಿಕ ಮಿತಿ 5 ಲಕ್ಷ ರೂಪಾಯಿ. ಎರಡೂ ಬದಿಗೆ ಕವಲು ಸ್ಟೆಂಟ್ ಬೇಕಾದಾಗ ಚಿಕಿತ್ಸೆಯ ಆಯ್ಕೆಯಲ್ಲಿ ಸಾಧನದ ಬೆಲೆಯ ಮಾತೂ ಬಂದೇ ಬರುತ್ತದೆ.

ಕಾಯುವುದೆಂದರೆ ಸುಮ್ಮನಿರುವುದಲ್ಲ

ಗಡಿ ನಾಲ್ಕಕ್ಕೆ ಏರಿದ್ದರ ನೇರ ಪರಿಣಾಮ, ಹೆಚ್ಚು ಜನ ಹೆಚ್ಚು ವರ್ಷ ಕಾಯುವುದು. ಯುರೋಪಿನ ಮಾರ್ಗಸೂಚಿ ಬರೆದವರ ಮನಸ್ಸಿನಲ್ಲಿರುವ ರೋಗಿಗೆ ಸ್ಕ್ಯಾನಿನ ದಿನ ಹತ್ತಿರವಾದಾಗ ಆಸ್ಪತ್ರೆಯಿಂದಲೇ ಪತ್ರ ಹೋಗುತ್ತದೆ. ನಮ್ಮಲ್ಲಿ ರಕ್ತನಾಳ ಶಸ್ತ್ರಚಿಕಿತ್ಸಕರು ಬಹುಪಾಲು ಬೆಂಗಳೂರು, ಮಂಗಳೂರಿನಂಥ ದೊಡ್ಡ ಊರುಗಳಲ್ಲಿದ್ದಾರೆ. ಬೀದರ್‌ನವರು ಹೈದರಾಬಾದಿಗೆ ಹೋಗುತ್ತಾರೆ. ನೋವಿಲ್ಲದ ಕಾಯಿಲೆಗೆ ವರ್ಷಕ್ಕೊಮ್ಮೆ ಕೂಲಿ ಬಿಟ್ಟು ಬಸ್ ಹತ್ತುವವರು ಕಡಿಮೆ. ಅನುಸರಣೆ ಖಚಿತವಿಲ್ಲದ ಕಡೆ ಅದೇ ಸಂಖ್ಯೆಯನ್ನು ಹಾಗೇ ತಂದು ಹಚ್ಚುವುದು ಸರಿಯಾಗಲಾರದು ಎಂಬುದು ಈ ಲೇಖಕರ ಅಭಿಪ್ರಾಯ. ಬೇಗ ಮಾಡೋಣ ಎನ್ನುವ ವೈದ್ಯರು, ಈ ರೋಗಿ ಮತ್ತೆ ಬರುವುದು ಅನುಮಾನ ಎಂದು ಲೆಕ್ಕ ಹಾಕಿರಲೂಬಹುದು. ಆದರೆ ಅದೇ ರೋಗಿಗೆ ಸ್ಟೆಂಟ್ ಹಾಕಿದರೂ ಸೋರಿಕೆ ನೋಡಲು ವರ್ಷವರ್ಷ ಸ್ಕ್ಯಾನ್ ಬೇಕೇ ಬೇಕು. ಬಾರದವರಿಗೆ ಆ ದಾರಿಯೂ ಪೂರ್ತಿ ಹೊಂದುವುದಿಲ್ಲ. ತೆರೆದ ಶಸ್ತ್ರಚಿಕಿತ್ಸೆ ಮತ್ತೆ ಮಾತಿಗೆ ಬರುವುದು ಇಲ್ಲೇ.

ಕಾಯುವ ಅವಧಿಯಲ್ಲಿ ಮಾಡಬೇಕಾದದ್ದು ಬೀಡಿ ಸಿಗರೇಟು ಬಿಡುವುದು, ರಕ್ತದೊತ್ತಡವನ್ನು ಹಿಡಿತದಲ್ಲಿಡುವುದು. ಇಂಥವರಿಗೆ ಹೃದಯಾಘಾತದ ಅಪಾಯವೂ ಹೆಚ್ಚಿರುವುದರಿಂದ ಅದರ ಔಷಧಗಳನ್ನು ತಪ್ಪಿಸಬಾರದು. ಇನ್ನೊಂದು ಎಚ್ಚರಿಕೆ ಔಷಧದಂಗಡಿಯಲ್ಲಿ ಬೇಕಾಗುತ್ತದೆ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಆ್ಯಂಟಿಬಯೋಟಿಕ್‌ಗಳು ಮಹಾಪಧಮನಿಯ ಗೋಡೆ ಹರಿಯುವ ಸಾಧ್ಯತೆಯನ್ನು ಹೆಚ್ಚಿಸಬಹುದೆಂದು ಎಫ್‌ಡಿಎ 2018ರ ಡಿಸೆಂಬರಿನಲ್ಲಿ ಎಚ್ಚರಿಸಿತು. ಉಬ್ಬು ಇರುವವರಿಗೆ ಬೇರೆ ಔಷಧ ಇದ್ದಾಗ ಇವು ಬೇಡ ಎಂಬುದು ಅದರ ಸಲಹೆ. ಮೂತ್ರದ ಸೋಂಕಿಗೆ, ಭೇದಿಗೆ ಚೀಟಿಯಿಲ್ಲದೆಯೇ ಇವು ಕೈಗೆ ಸಿಗುವ ಊರುಗಳಲ್ಲಿ ತನಗೆ ಉಬ್ಬು ಇದೆ ಎಂಬ ಮಾತನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ನಾಲ್ಕರ ಗಡಿಯೊಳಗಿದ್ದರೂ ಕಾಯಬಾರದ ಸಂದರ್ಭಗಳಿವೆ: ಮೂತ್ರನಾಳವನ್ನೋ ನರವನ್ನೋ ಒತ್ತುತ್ತಿರುವ ಉಬ್ಬು, ಒಂದೇ ಪಕ್ಕಕ್ಕೆ ಚೀಲದಂತೆ ಜೋತಿರುವ ಉಬ್ಬು, ಸೋಂಕಿನಿಂದಾದದ್ದು, ಒಂದೇ ವಿಧಾನದ ಅಳತೆಯಲ್ಲಿ ವೇಗವಾಗಿ ಬೆಳೆಯುತ್ತಿರುವುದು. ಹೊಸದಾಗಿ ಶುರುವಾದ ಹೊಟ್ಟೆ, ಸೊಂಟ ಅಥವಾ ತೊಡೆಸಂದಿನ ತೀವ್ರ ನೋವು, ಜೊತೆಗೆ ತಲೆಸುತ್ತು, ಬೆವರು ಇದ್ದರೆ ಅಳತೆಯ ಮಾತೇ ಬರುವುದಿಲ್ಲ. ಅದು ಆಂಬುಲೆನ್ಸಿನ ಹೊತ್ತು. ಹೆಂಗಸರ ವಿಷಯದಲ್ಲಿ ಗಡಿಯೇ ಅಸ್ಪಷ್ಟ. ಒಡೆದ ಉಬ್ಬುಗಳ ಅಧ್ಯಯನಗಳಲ್ಲಿ ಅವರ ಸಂಖ್ಯೆ ತೀರ ಕಡಿಮೆ, ಅವರ ನಾಳ ಮೊದಲೇ ಸಣ್ಣದು, ಮಹಾಪಧಮನಿಯ ಉಬ್ಬಿಗೆ ಗಂಡಸರಿಗೆ 5.5 ಸೆಂ.ಮೀ. ಗಡಿಯಾದರೆ ಅವರಿಗೆ 5 ಎಂದಿರುವುದೂ ಇದೇ ಕಾರಣಕ್ಕೆ. ಹಾಗಾಗಿ 3.4 ಎಂಬ ಅಂಕಿ ಅರವತ್ತೈದರ ಹೆಂಗಸಿನ ವರದಿಯಲ್ಲಿದ್ದರೆ, ಗಂಡಸರ ಲೆಕ್ಕದ ನಾಲ್ಕನ್ನು ತೋರಿಸಿ ಮನೆಗೆ ಕಳಿಸುವ ಮುನ್ನ ವೈದ್ಯರು ಆ ಸಿ.ಡಿ.ಯನ್ನು ಇನ್ನೊಮ್ಮೆ ಪರದೆಗೆ ಹಾಕಿ ನೋಡುವುದು ಒಳ್ಳೆಯದು.